ಮೊದಲು ಕಾಲು, ಆಮೇಲೆ ತಲೆ

ವಿಜ್ಞಾನ ಬೋಧಿಸುವ ಕೆಲಸಕ್ಕೆ ಈಚೆಗೆ ಸೇರಿದ ಇಬ್ಬರು ಶಿಕ್ಷಕಿಯರು ಕಳೆದ ತಿಂಗಳು ಕದ್ರಿಯ ನನ್ನ ಮನೆಗೆ ಬಂದಿದ್ದರು. ಒಂದೇ ಶಾಲೆಯಲ್ಲಿ ಇಪ್ಪತ್ತಮೂರು ವರ್ಷ ಒಂದೇ ವಿಷಯವನ್ನು ಬೋಧಿಸಿದವಳು ತನ್ನ ಅನುಭವವನ್ನು ಬರೆದಿಡಬೇಕೆಂದು ಅವರು ಒತ್ತಾಯಿಸಿದರು. ನಾನು ಯಾವ ವರ್ಷ ಖಾಯಂ ಆದೆ, ಯಾವ ವರ್ಷ ಹಿರಿಯ ಶಿಕ್ಷಕಿಯಾದೆ ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ. ಅದನ್ನು ಮತ್ತೆ ಬರೆಯುವುದಿಲ್ಲ. ಅಲ್ಲಿ ಇಲ್ಲದ್ದನ್ನು ಮಾತ್ರ ಬರೆಯುತ್ತೇನೆ. ಅದರಲ್ಲಿಯೂ, ಮನುಷ್ಯನ ಪೂರ್ವಜರು ಎರಡು ಕಾಲಿನ ಮೇಲೆ ನಡೆಯತೊಡಗಿದ ಪಾಠವೊಂದನ್ನೇ ಆರಿಸಿಕೊಂಡಿದ್ದೇನೆ. ನಾನು ಅತ್ಯಂತ ಚೆನ್ನಾಗಿ ಬೋಧಿಸುತ್ತೇನೆಂದು ನಂಬಿದ್ದ ಪಾಠ ಅದು. ಅತ್ಯಂತ ತಪ್ಪಾಗಿ ಬೋಧಿಸಿದ ಪಾಠವೂ ಅದೇ.

ನಮ್ಮದು ಕಾನ್ವೆಂಟಿನ ಸಿಸ್ಟರುಗಳು ನಡೆಸುತ್ತಿದ್ದ ಹೆಣ್ಣುಮಕ್ಕಳ ಕನ್ನಡ ಮಾಧ್ಯಮದ ಪ್ರೌಢಶಾಲೆ. ಮಕ್ಕಳು ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತನಾಡುತ್ತಿದ್ದರು. ಕನ್ನಡ ಶುರುವಾಗುತ್ತಿದ್ದದ್ದು ಗೇಟಿನ ಒಳಗೆ ಬಂದ ಮೇಲೆ. ನನ್ನ ಮನೆಮಾತೂ ಕೊಂಕಣಿಯೇ. ಕಲಿತು ಪಡೆದ ಭಾಷೆಯಾದ್ದರಿಂದಲೋ ಏನೋ, ಕನ್ನಡದ ವಿಷಯದಲ್ಲಿ ನಾನು ಹುಟ್ಟು ಕನ್ನಡಿಗರಿಗಿಂತ ಕಟ್ಟುನಿಟ್ಟಾಗಿದ್ದೆ. ಕಪ್ಪೆಯ ಹೃದಯಕ್ಕೆ ಮೂರು ಕೋಣೆಗಳೆಂದು ಸರಿಯಾಗಿ ಬರೆದರೂ ಕ್ರಿಯಾಪದವನ್ನು ನುಂಗಿದ್ದರೆ ಅರ್ಧ ಅಂಕ ಕಳೆಯುತ್ತಿದ್ದೆ. ಅದಕ್ಕೆ ಮಕ್ಕಳು ನನಗೆ ಇಟ್ಟಿದ್ದ ಹೆಸರು 'ಅರ್ಧಮಾರ್ಕು ಫ್ಲೋರಿನ್ ಟೀಚರ್'. ಅದು ನನಗೆ ಗೊತ್ತಿದೆಯೆಂದು ಅವರಿಗೆ ಗೊತ್ತಿರಲಿಲ್ಲ.

ನನ್ನ ತರಗತಿಯಲ್ಲಿ ಒಂದು 'ತಪ್ಪು ಪುಸ್ತಕ' ಇತ್ತು. ಉದ್ದನೆಯ, ಕೆಂಪು ಬೆನ್ನಿನ, ದಪ್ಪ ರಟ್ಟಿನ ಪುಸ್ತಕ. ಪ್ರತಿ ಹಾಳೆಗೂ ನಾನೇ ಗೆರೆ ಹಾಕಿ ಐದು ಅಂಕಣ ಮಾಡುತ್ತಿದ್ದೆ: ದಿನಾಂಕ, ತಪ್ಪು, ಸರಿ, ವಿದ್ಯಾರ್ಥಿನಿಯ ಸಹಿ, ಶಿಕ್ಷಕಿಯ ಸಹಿ. ಪರೀಕ್ಷೆಯಲ್ಲಿ ತಪ್ಪು ಬರೆದವಳು ಮೇಜಿನ ಹತ್ತಿರ ಬಂದು, ತನ್ನ ತಪ್ಪನ್ನು ಒಂದು ಸಲವೂ ಸರಿಯಾದುದನ್ನು ಮೂರು ಸಲವೂ ಬರೆದು ಸಹಿ ಹಾಕಬೇಕು. ನಾನು ಓದಿ ನೋಡಿ ನನ್ನ ಸಹಿ ಹಾಕುತ್ತಿದ್ದೆ. ಬೈಗುಳವಿಲ್ಲ, ಬೆತ್ತವಿಲ್ಲ. ಇದಕ್ಕಿಂತ ನ್ಯಾಯವಾದ ಪದ್ಧತಿ ಇರಲಾರದೆಂದು ನಾನು ತಿಳಿದಿದ್ದೆ.

ಇನ್ನು ಆ ಪಾಠದ ಚಿತ್ರಪಟದ ವಿಷಯ. ಅಂಗಡಿಯಲ್ಲಿ ಸಿಗುತ್ತಿದ್ದ ಪಟಗಳು ಮಳೆಗಾಲದ ತೇವಕ್ಕೆ ಒಂದೇ ವರ್ಷದಲ್ಲಿ ಬೂಸ್ಟು ಹಿಡಿಯುತ್ತಿದ್ದವು. ಆದ್ದರಿಂದ ಹಂಪನಕಟ್ಟೆಯಲ್ಲಿ ಹೋಟೆಲುಗಳ ಬೋರ್ಡು ಬರೆಯುತ್ತಿದ್ದ ಸಂಜೀವಣ್ಣ ಎಂಬ ಪೈಂಟರಿಂದ ಬಟ್ಟೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆಸಿದೆ. ಎಡದಿಂದ ಬಲಕ್ಕೆ ಐವರು ಸಾಲಾಗಿ ನಡೆಯುತ್ತಿದ್ದರು. ಮೊದಲನೆಯವನು ಕೈಯೂರಿ ಬಾಗಿದ್ದ. ಮುಂದಿನವರು ಒಬ್ಬರಿಗಿಂತ ಒಬ್ಬರು ಸ್ವಲ್ಪ ಸ್ವಲ್ಪ ನೆಟ್ಟಗಾಗುತ್ತ, ತಲೆ ಸ್ವಲ್ಪ ಸ್ವಲ್ಪ ದೊಡ್ಡದಾಗುತ್ತ ಹೋಗಿ, ಐದನೆಯವನು ಪೂರ್ತಿ ಮನುಷ್ಯನಾಗಿದ್ದ. ಮುಖ್ಯೋಪಾಧ್ಯಾಯಿನಿಯಾಗಿದ್ದ ಸಿಸ್ಟರ್ ಬಂದು ಕನ್ನಡಕ ತೆಗೆದು, ಹಾಕಿ, ಬಹಳ ಹೊತ್ತು ನೋಡಿದರು.

"ಫ್ಲೋರಿನ್ ಟೀಚರ್, ಆ ಕೊನೆಯವನಿಗೆ ಒಂದು ಮುಂಡು ಉಡಿಸಿ. ಶನಿವಾರ ಪೇರೆಂಟ್ಸ್ ಮೀಟಿಂಗ್ ಉಂಟು."

ಉಳಿದ ನಾಲ್ವರೂ ಹಾಗೆಯೇ ಇದ್ದಾರಲ್ಲ ಎಂದೆ. ಅವರಿಗೆ ರೋಮ ಉಂಟು ಎಂದು ಹೇಳಿ ಸಿಸ್ಟರ್ ಹೊರಟುಹೋದರು. ಸಂಜೀವಣ್ಣ ಬಂದು ಐದನೆಯವನಿಗೆ ಅಂಚಿನ ಬಿಳಿ ಮುಂಡು ಉಡಿಸಿದರು. ಆ ವರ್ಷದ ಪರೀಕ್ಷೆಯಲ್ಲಿ ಒಬ್ಬಳು, ವಿಕಾಸದ ಕೊನೆಯಲ್ಲಿ ಮನುಷ್ಯನು ಮುಂಡು ಉಟ್ಟನು ಎಂದು ಬರೆದಳು. ಮುಂಡು ಉಡುವುದು ವಿಕಾಸದ ಹಂತವಲ್ಲ ಎಂದು ಅವಳಿಂದ ತಪ್ಪು ಪುಸ್ತಕದಲ್ಲಿ ಮೂರು ಸಲ ಬರೆಯಿಸಿದೆ. ಅವಳು ತುಟಿ ಕಚ್ಚಿ ಬರೆದದ್ದು ಪಶ್ಚಾತ್ತಾಪದಿಂದಲ್ಲ, ನಗು ತಡೆಯುವುದಕ್ಕೆ ಎಂಬುದು ಈಗ ಅರ್ಥವಾಗುತ್ತದೆ.

ಆ ಪಟವನ್ನು ತೂಗುಹಾಕಿ ನಾನು ನಾಲ್ಕು ವಾಕ್ಯಗಳನ್ನು ಬಾಯಿಪಾಠ ಮಾಡಿಸುತ್ತಿದ್ದೆ. ಮೊದಲು ಮಿದುಳು ಹಿಗ್ಗಿತು. ಹಿಗ್ಗಿದ ಮಿದುಳು ಕೈಗಳಿಗೆ ಕೆಲಸ ಕೊಟ್ಟಿತು. ಕೆಲಸ ಸಿಕ್ಕಿದ ಕೈಗಳು ನೆಲವನ್ನು ಬಿಟ್ಟವು. ಆದ್ದರಿಂದ ಮನುಷ್ಯನು ನೆಟ್ಟಗೆ ನಿಂತನು. ಒಂದು ವಾಕ್ಯದ ಬಾಲವನ್ನು ಇನ್ನೊಂದರ ತಲೆಗೆ ಕಟ್ಟಿ ಹೆಣೆದ ಮಾಲೆ ಅದು. ಪಠ್ಯಪುಸ್ತಕದಲ್ಲಿ ಈ ಕ್ರಮ ಇರಲಿಲ್ಲ. ದೊಡ್ಡ ಮಿದುಳು, ಸ್ವತಂತ್ರ ಕೈ, ನೆಟ್ಟನೆಯ ನಡಿಗೆ ಇವು ಮನುಷ್ಯನ ಲಕ್ಷಣಗಳೆಂದು ಮಾತ್ರ ಅದು ಹೇಳಿತ್ತು. ಕ್ರಮವನ್ನು ನಾನು ತಂದದ್ದು ಟ್ರೈನಿಂಗ್ ಕಾಲೇಜಿನ ನನ್ನ ಹಳೆಯ ನೋಟ್ಸಿನಿಂದ. ಅದನ್ನು ಹೇಳಿಕೊಟ್ಟ ಅಧ್ಯಾಪಕರು ಅದಕ್ಕಿಂತ ಹಳೆಯ ಪುಸ್ತಕಗಳನ್ನು ಓದಿದವರು. ಅದು ನಿಜವೇ ಎಂದು ನಾನು ಒಮ್ಮೆಯೂ ಹುಡುಕಿ ನೋಡಲಿಲ್ಲ. ಚೆನ್ನಾಗಿ ಹೆಣೆದ ವಾಕ್ಯಗಳು ಸತ್ಯದಂತೆಯೇ ಕೇಳಿಸುತ್ತವೆ. ಹೊಸಬರು ಈ ಒಂದು ಮಾತನ್ನು ನೆನಪಿಡಬೇಕು. ಹೀಗೆ ಹದಿಮೂರು ತಂಡದ ಮಕ್ಕಳು ಆ ಮಾಲೆಯನ್ನು ಕಲಿತು ಹೊರಗೆ ಹೋದರು.

ಹದಿನಾಲ್ಕನೆಯ ತಂಡದಲ್ಲಿ ವಾರಿಜಾ ಇದ್ದಳು. ಎಪ್ಪತ್ತರ ದಶಕ ಮುಗಿದು ಎಂಬತ್ತರ ದಶಕ ಕಾಲಿಟ್ಟ ಸಮಯ. ಅವಳದು ಹಿಂದೆ ಗದ್ದೆ, ತೋಟ ಇದ್ದ ತುಳು ಕುಟುಂಬ. ತಂದೆ ಹಂಪನಕಟ್ಟೆಯಲ್ಲಿ ಹೋಟೆಲು ನಡೆಸುತ್ತಿದ್ದರು. ಗಿರಾಕಿಗಳಿಗೆಂದು ತರಿಸುತ್ತಿದ್ದ ದಿನಪತ್ರಿಕೆ, ವಾರಪತ್ರಿಕೆಗಳು ಸಂಜೆಗೆ ಚಾದ ಕಲೆಗಳೊಂದಿಗೆ ಅವಳ ಪಾಲಿಗೆ ಬರುತ್ತಿದ್ದವು. ತಿಂಗಳ ಕಿರುಪರೀಕ್ಷೆಯಲ್ಲಿ, ಮನುಷ್ಯನು ನೆಟ್ಟಗೆ ನಿಂತದ್ದು ಹೇಗೆ ಎಂದು ನಾನು ಕೇಳಿದ ಪ್ರಶ್ನೆಗೆ ಅವಳು ಬರೆದ ಉತ್ತರ ಹೀಗಿತ್ತು: ಮೊದಲು ಕಾಲು, ಆಮೇಲೆ ತಲೆ. ಆಫ್ರಿಕದಲ್ಲಿ ಬೂದಿಯ ಮೇಲೆ ಮೂವತ್ತು ಲಕ್ಷಕ್ಕೂ ಹೆಚ್ಚು ವರ್ಷಗಳ ಹಿಂದಿನ ಹೆಜ್ಜೆಗಳು ಸಿಕ್ಕಿವೆ. ನಡೆದವರು ನಮ್ಮ ಹಾಗೆ ನಡೆದಿದ್ದಾರೆ. ಅವರ ತಲೆ ಚಿಕ್ಕದು.

ವಾಕ್ಯಗಳಲ್ಲಿ ದೋಷವಿರಲಿಲ್ಲ. ನಾನು ಸೊನ್ನೆ ಹಾಕಿ, ಅವಳನ್ನು ಪುಸ್ತಕದ ಹತ್ತಿರ ಕರೆದೆ. ತಾನು ಬರೆದದ್ದನ್ನು ತಪ್ಪಿನ ಅಂಕಣದಲ್ಲಿಯೂ ನನ್ನ ಮೊದಲ ವಾಕ್ಯವನ್ನು ಸರಿಯ ಅಂಕಣದಲ್ಲಿ ಮೂರು ಸಲವೂ ಅಂದವಾಗಿ ಬರೆದಳು. ಬರೆದು ಪೆನ್ನನ್ನು ಮೇಜಿನ ಮೇಲಿಟ್ಟಳು.

"ಸಹಿ?" ಎಂದೆ.

"ಬರೆಯಲಿಕ್ಕೆ ಹೇಳಿದಿರಿ, ಬರೆದೆ ಟೀಚರ್. ಸೈನ್ ಹಾಕಿದರೆ ನಾನು ಒಪ್ಪಿದ ಹಾಗೆ ಆಗ್ತದೆ."

ಪತ್ರಿಕೆಯಲ್ಲಿ ಬಂದದ್ದೆಲ್ಲ ಪಾಠವಲ್ಲ ಎಂದೆ. ಮರುದಿನಕ್ಕೇ ಅಳಿಸಿಹೋಗುವ ಹೆಜ್ಜೆ ಮೂವತ್ತು ಲಕ್ಷ ವರ್ಷ ಉಳಿಯುವುದುಂಟೇ ಎಂದೂ ಕೇಳಿದೆ.

"ನಮ್ಮ ಜಗಲಿಯಲ್ಲಿ ನಾಯಿಯ ಹೆಜ್ಜೆ ಉಂಟಲ್ಲ ಟೀಚರ್?"

ಅದು ನಿಜ. ತರಗತಿಯ ಹೊರಗಿನ ಜಗಲಿಗೆ ಹಂಚಿನ ಕಾರ್ಖಾನೆಯ ಚೌಕನೆಯ ಕೆಂಪು ನೆಲಹಂಚು ಹಾಸಿದ್ದರು. ಎಂದೋ ಒಂದು ನಾಯಿ, ಒಣಗಲು ಇಟ್ಟ ಹಸಿ ಹಂಚಿನ ಮೇಲೆ ನಡೆದು ಹೋಗಿತ್ತು. ಹಂಚು ಬೆಂದ ಮೇಲೆ ಹೆಜ್ಜೆ ಅಲ್ಲಿಯೇ ಉಳಿದಿತ್ತು. ಎಷ್ಟೋ ವರ್ಷಗಳಿಂದ ಮಕ್ಕಳು ಅದರ ಮೇಲೆ ಕಾಲಿಟ್ಟು ಕುಪ್ಪಳಿಸಿ ಒಳಗೆ ಬರುತ್ತಿದ್ದರು. ಉತ್ತರ ಹೊಳೆಯದ ಶಿಕ್ಷಕಿ ಮಾಡುವುದನ್ನೇ ನಾನೂ ಮಾಡಿದೆ. ಸಹಿ ಹಾಕುವವರೆಗೆ ನನ್ನ ಪಿರಿಯಡ್ಡಿನಲ್ಲಿ ಹೊರಗೆ ನಿಂತಿರಬೇಕೆಂದು ಅವಳಿಗೆ ಹೇಳಿದೆ.

ವಾರಿಜಾ ಜಗಲಿಯಲ್ಲಿ ಕಿಟಕಿಯ ಪಕ್ಕ, ಆ ನಾಯಿಹೆಜ್ಜೆಯ ಹಂಚಿನ ಹತ್ತಿರ, ಹನ್ನೊಂದು ಪಿರಿಯಡ್ ನಿಂತಳು. ವಾರಕ್ಕೆ ಮೂರು ಪಿರಿಯಡ್ಡಿನಂತೆ ಅದು ಹೆಚ್ಚು ಕಡಿಮೆ ಒಂದು ತಿಂಗಳು. ಗೋಡೆಗೆ ಒರಗುತ್ತಿರಲಿಲ್ಲ. ಭಾರವನ್ನು ಒಮ್ಮೆ ಎಡಗಾಲಿಗೆ, ಒಮ್ಮೆ ಬಲಗಾಲಿಗೆ ಬದಲಿಸುತ್ತ, ಕಿಟಕಿಯ ಸರಳಿಗೆ ನೋಟ್ಸು ಒತ್ತಿ ಬರೆದುಕೊಳ್ಳುತ್ತಿದ್ದಳು. ಆ ವರ್ಷವೇ ನನ್ನ ಮೊಣಕಾಲು ನೋವು ಶುರುವಾಗಿ, ಕುಳಿತು ಪಾಠ ಮಾಡಲು ಸಿಸ್ಟರ್ ಅನುಮತಿ ಕೊಟ್ಟಿದ್ದರು. ನಾನು ಕುರ್ಚಿಯಲ್ಲಿ, ಅವಳು ಹೊರಗೆ ನಿಂತು. ಈ ಚಿತ್ರ ನನ್ನ ಕಣ್ಣಿನಿಂದ ಈಗಲೂ ಹೋಗಿಲ್ಲ.

ಆರನೆಯ ದಿನವೋ ಏಳನೆಯ ದಿನವೋ, ನಾನು ಬೋರ್ಡಿನ ಕಡೆಗೆ ತಿರುಗಿದ್ದಾಗ, ಕಿಟಕಿಯ ಪಕ್ಕದ ಬೆಂಚಿನ ಹುಡುಗಿ ಪಿಸುದನಿಯಲ್ಲಿ ಕೇಳಿದ್ದು ನನ್ನ ಕಿವಿಗೆ ಬಿತ್ತು. "ವಾರಿಜಾ, ನೀನು ನೆಟ್ಟಗೆ ನಿಂತಾಯ್ತು. ಇನ್ನು ಮಿದುಳು ಹಿಗ್ಗುವುದು ಯಾವಾಗ?"

"ಅದಕ್ಕೇ ಕಾಯ್ತಾ ಇದ್ದೇನೆ ಮಾರಾಯ್ತಿ."

ತರಗತಿ ನಕ್ಕಿತು. ನಾನು ಡಸ್ಟರ್ ಬಡಿದೆ. ಆ ತಮಾಷೆಯಲ್ಲಿ ಇದ್ದ ಕ್ರಮವೇ ಸರಿಯಾದ ಕ್ರಮವೆಂದು ಒಳಗೆ ಕುಳಿತು ನಕ್ಕ ಯಾರಿಗೂ ಹೊಳೆಯಲಿಲ್ಲ. ಎಲ್ಲರಿಗಿಂತ ಹೆಚ್ಚು ಹೊಳೆಯಬೇಕಾಗಿದ್ದ ನನಗಂತೂ ಹೊಳೆಯಲೇ ಇಲ್ಲ. ಸಿಸ್ಟರ್ ಒಂದು ದಿನ ಜಗಲಿಯಲ್ಲಿ ನನ್ನನ್ನು ನಿಲ್ಲಿಸಿ, ಒಂದು ಸಹಿಯ ವಿಷಯವಲ್ಲವೇ, ಬಿಟ್ಟುಬಿಡಬಾರದೇ ಎಂದು ಮೆಲ್ಲಗೆ ಕೇಳಿದರು. ಒಬ್ಬಳಿಗೆ ಬಿಟ್ಟರೆ ಪುಸ್ತಕಕ್ಕೆ ಬೆಲೆ ಇರುವುದಿಲ್ಲ ಎಂದೆ. ಪುಸ್ತಕ ನಿಮ್ಮದು, ಹುಡುಗಿ ಶಾಲೆಯವಳು ಎಂದಷ್ಟೇ ಹೇಳಿ ಅವರು ಪ್ರಾರ್ಥನೆಗೆ ಹೋದರು.

ಪ್ರತಿವರ್ಷ ಒಂದು ಶುಕ್ರವಾರ ನಾವು ಹತ್ತನೆಯ ತರಗತಿಯ ಮಕ್ಕಳನ್ನು ನಗರದ ಒಂದು ವೈದ್ಯಕೀಯ ಕಾಲೇಜಿನ ಅಂಗರಚನಾ ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತಿದ್ದೆವು. ಅನುಮತಿ ಸಿಗುತ್ತಿದ್ದದ್ದು ವರ್ಷಕ್ಕೆ ಒಂದೇ ಸಲ. ವಾರಿಜಾ ಒಂಬತ್ತನೆಯ ತರಗತಿಯಿಂದಲೇ ಆ ದಿನಕ್ಕಾಗಿ ಕಾಯುತ್ತಿದ್ದಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ: ಸಹಿ ಹಾಕದವರು ಬರುವ ಹಾಗಿಲ್ಲ. ಶುಕ್ರವಾರ ಬೆಳಗ್ಗೆಯವರೆಗೂ ಅವಳು ಸಹಿ ಹಾಕಿಯಾಳೆಂದು ನಾನು ಕಾದೆ. ಅವಳು ಹಾಕಲಿಲ್ಲ. ಉಳಿದವರು ಸಿಟಿ ಬಸ್ಸಿಗೆಂದು ಸಾಲಾಗಿ ಹೊರಟಾಗ ಗೇಟಿನ ಹತ್ತಿರ ಬಂದಳು.

"ಟೀಚರ್, ಪಾದದ ಎಲುಬು ಹೇಗೆ ಉಂಟು ಅಂತ ನೋಡಿಕೊಂಡು ಬಂದು ನನಗೆ ಹೇಳ್ತೀರಾ?"

ನಾನು ಸಾಲಿನ ಮುಂದಕ್ಕೆ ಹೋಗಿ ಮಕ್ಕಳನ್ನು ಎಣಿಸತೊಡಗಿದೆ.

ಮ್ಯೂಸಿಯಂನಲ್ಲಿ ನಮಗೆ ವಿವರಿಸುತ್ತಿದ್ದವರು ರಾವ್ ಎಂಬ ತರುಣ ಅಧ್ಯಾಪಕರು. ತೆಳ್ಳಗೆ, ಉದ್ದಕ್ಕೆ, ಸ್ವತಃ ಒಂದು ಅಸ್ಥಿಪಂಜರದಂತೆ ಇದ್ದರು. ಹಾಗೆಂದು ಅವರೇ ಮಕ್ಕಳಿಗೆ ಹೇಳಿ ನಗಿಸಿದರು. ತಂತಿಯಲ್ಲಿ ಪೋಣಿಸಿದ ಪಾದವನ್ನು ಎತ್ತಿ ಹಿಡಿದು, ಅಡಿಯಲ್ಲಿ ಸೇತುವೆಯ ಹಾಗೆ ಕಮಾನು ಇರುವುದನ್ನೂ, ಕೊಂಬೆ ಹಿಡಿಯಬಲ್ಲ ಮಂಗನ ಹೆಬ್ಬೆರಳು ಬದಿಗೆ ಚಾಚಿದ್ದರೆ ನಮ್ಮದು ಉಳಿದ ಬೆರಳುಗಳ ಸಾಲಿಗೆ ಬಂದಿರುವುದನ್ನೂ ತೋರಿಸಿದರು. ತೊಡೆಯೆಲುಬು ಸೊಂಟದಿಂದ ಒಳಕ್ಕೆ ಓರೆಯಾಗಿ ಇಳಿದು ಮೊಣಕಾಲನ್ನು ದೇಹದ ನಡುವಿನ ಕಡೆಗೆ ತರುವುದರಿಂದ ನಾವು ಅತ್ತಿತ್ತ ತೊನೆಯದೆ ನಡೆಯುತ್ತೇವೆ ಎಂದರು. ಸೊಂಟದ ಎಲುಬು ಬೋಗುಣಿಯಂತೆ ಅಗಲವಾಗಿ ಹೊಟ್ಟೆಯ ಭಾರ ಹೊರುತ್ತದೆ. ತಲೆಬುರುಡೆಯನ್ನು ಮಗುಚಿ, ಬೆನ್ನುಹುರಿ ಹೊರಡುವ ರಂಧ್ರ ಹಿಂಬದಿಗೆ ಇರದೆ ನೇರ ಅಡಿಯಲ್ಲಿರುವುದನ್ನು ಕಾಣಿಸಿದರು. ತಲೆ ಕತ್ತಿನ ಮೇಲೆ ಕೊಡದಂತೆ ಕುಳಿತಿದೆ. ಮಕ್ಕಳು ಗಾಜಿನ ಜಾಡಿಗಳ ಕಡೆಗೆ ಸರಿದರು. ನಾನು ಆ ಪಾದದ ಮುಂದೆಯೇ ನಿಂತಿದ್ದೆ. ಗೇಟಿನ ಹತ್ತಿರದ ಮಾತು ನನ್ನನ್ನು ಅಲ್ಲಿಂದ ಕದಲಲು ಬಿಡಲಿಲ್ಲ.

ಇವುಗಳಲ್ಲಿ ಯಾವುದು ಮೊದಲು ಬದಲಾಯಿತು, ಕಾಲೋ ಮಿದುಳೋ ಎಂದು ಅವರನ್ನು ಕೇಳಿದೆ.

"ಕಾಲು ಟೀಚರ್. ಈಗ ಅದರಲ್ಲಿ ಸಂಶಯ ಎಂತದೂ ಇಲ್ಲ."

ಕೆಲವು ವರ್ಷಗಳ ಹಿಂದೆ ಇಥಿಯೋಪಿಯದಲ್ಲಿ ಸಿಕ್ಕಿದ ಹೆಣ್ಣಿನ ಅಸ್ಥಿಗಳ ವಿಷಯವನ್ನು ಅವರು ವಿವರಿಸಿದರು. ಸೊಂಟ, ಮೊಣಕಾಲು ನಡೆಯುವವಳದು; ತಲೆಬುರುಡೆ ಮಾತ್ರ ಚಿಂಪಾಂಜಿಯದಕ್ಕಿಂತ ಹೆಚ್ಚು ದೊಡ್ಡದಲ್ಲ. ಆಮೇಲೆ ತಾಂಜಾನಿಯಾದಲ್ಲಿ ಅಗ್ನಿಪರ್ವತದ ಬೂದಿಯ ಮೇಲೆ ಹೆಜ್ಜೆಗಳು ಸಿಕ್ಕಿದವು. ಮಳೆ ಹನಿದು ಬೂದಿ ಸಿಮೆಂಟಿನಂತೆ ಗಟ್ಟಿಯಾಗಿತ್ತು. ಮಿದುಳು ಹಿಗ್ಗತೊಡಗಿದ್ದು ಅದಕ್ಕೂ ಹತ್ತು ಲಕ್ಷಕ್ಕೂ ಹೆಚ್ಚು ವರ್ಷ ತಡವಾಗಿ. ಅವರು ಮೊದಲಿಗೆ ಎದ್ದು ನಡೆದದ್ದೇಕೆ ಎಂಬುದು ಮಾತ್ರ ಯಾರಿಗೂ ಖಚಿತವಾಗಿ ತಿಳಿಯದು. ಒಬ್ಬೊಬ್ಬರದು ಒಂದೊಂದು ಊಹೆ ಎಂದರು. ನಾನು ಮೊಣಕಾಲನ್ನು ಒತ್ತಿಕೊಳ್ಳುತ್ತಿದ್ದುದನ್ನು ಕಂಡು, ಎದ್ದು ನಿಂತದ್ದರ ಫಲವನ್ನು ನಾವು ಈಗಲೂ ಅನುಭವಿಸುತ್ತಿದ್ದೇವೆ ಎಂದು ನಕ್ಕರು. ಆಮೇಲೆ ಸಹಜವಾಗಿ ಕೇಳಿದರು:

"ನೀವು ಹೇಗೆ ಪಾಠ ಮಾಡ್ತೀರಿ?"

"ಪಠ್ಯಪುಸ್ತಕದ ಪ್ರಕಾರ" ಎಂದೆ.

ನನ್ನ ವೃತ್ತಿಯಲ್ಲಿ ತಪ್ಪುಗಳು ಎಷ್ಟೋ ಇರಬಹುದು. ತಿಳಿದು ಆಡಿದ ಸುಳ್ಳು ಅದೊಂದೇ. ನಮ್ಮ ಮಾತನ್ನು ಒಂದು ಮಗುವೂ ಕೇಳಿರಲಿಲ್ಲ. ಕೇಳಬೇಕಾಗಿದ್ದವಳನ್ನು ನಾನೇ ಗೇಟಿನಲ್ಲಿ ಬಿಟ್ಟುಬಂದಿದ್ದೆ. ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಸುಮ್ಮನಿರುವುದಕ್ಕೆ ನಾನು ಪ್ರಯತ್ನಿಸಿದ್ದೂ ನಿಜ. ಶನಿವಾರ ಪಟವನ್ನು ಸುತ್ತಿಕೊಂಡು ಸಂಜೀವಣ್ಣನವರಲ್ಲಿಗೆ ಹೋದೆ. ಎರಡನೆಯವನನ್ನು ನೆಟ್ಟಗೆ ನಿಲ್ಲಿಸಬೇಕು, ಆದರೆ ತಲೆಯನ್ನು ಮೊದಲಿನಷ್ಟೇ ಚಿಕ್ಕದಾಗಿ ಬಿಡಬೇಕು ಎಂದು ವಿವರಿಸಿದೆ. ಪಟ ತಾನಾಗಿ ಬದಲಾದರೆ ಮಾತೂ ಮೆಲ್ಲಗೆ ಬದಲಾಗುತ್ತದೆ, ವಾರಿಜಾಳನ್ನು ಏನೋ ನೆಪ ಹೇಳಿ ಒಳಗೆ ಕರೆದರಾಯಿತು ಎಂಬುದು ನನ್ನ ಲೆಕ್ಕಾಚಾರ. ಅವರು ಬ್ರಷ್ ಒರೆಸುತ್ತ ಪಟವನ್ನು ನೋಡಿದರು.

"ತಲೆ ಚಿಕ್ಕದು, ನಡೆಯುವ ಗತ್ತು ಮಾತ್ರ ದೊಡ್ಡದು. ಅಂಥವರು ಈ ಹಂಪನಕಟ್ಟೆಯಲ್ಲಿ ಬೇಕಾದಷ್ಟು ಉಂಟು ಟೀಚರ್, ನೋಡಿಯೇ ಬರೆಯಬಹುದು." ನಾನು ನಗಲಿಲ್ಲ. ಅವರು ತಲೆಯೆತ್ತಿ ಕೇಳಿದರು. "ಹಾಗಾದರೆ ಇಷ್ಟು ವರ್ಷ ಮಕ್ಕಳಿಗೆ ತೋರಿಸಿದ್ದು ತಪ್ಪಾ?"

"ತಪ್ಪು" ಎಂದೆ. ಆ ಪದವನ್ನು ನನ್ನ ಬಗ್ಗೆ ನಾನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಒಬ್ಬ ಪೈಂಟರ ಮುಂದೆ ಹೇಳಿದ ಮೇಲೆ ಮಕ್ಕಳ ಮುಂದೆ ಹೇಳದಿರಲು ಕಾರಣ ಉಳಿಯಲಿಲ್ಲ.

ಜೀವನವಿಡೀ ಕ್ರಮ ಕ್ರಮ ಎಂದವಳು ಇಲ್ಲೊಮ್ಮೆ ಕ್ರಮ ತಪ್ಪಿಸಿ, ಮಕ್ಕಳ ಮುಂದೆ ಅದನ್ನು ಹೇಳಿದ ಸೋಮವಾರದ ನಂತರ ನಡೆದುದನ್ನು ಮೊದಲು ಹೇಳುತ್ತೇನೆ. ರಾವ್ ಅವರಿಗೆ ಪತ್ರ ಬರೆದು ಇದ್ದದ್ದನ್ನು ಇದ್ದ ಹಾಗೆ ತಿಳಿಸಿದೆ. ಅವರು ವಿಶೇಷ ಅನುಮತಿ ಕೊಡಿಸಿದರು. ವಾರಿಜಾ, ನಾನು ಇಬ್ಬರೇ ಹೋದೆವು. ಪೋಣಿಸಿದ ಪಾದವನ್ನು ಅವಳ ಅಂಗೈಯ ಮೇಲಿಟ್ಟಾಗ ಅವಳು ಹೇಳಿದ್ದು ಒಂದೇ ಮಾತು: ಎಷ್ಟು ಹಗುರ ಟೀಚರ್. ಮುಂದಿನ ವರ್ಷದಿಂದ ನಾನು ಪಟಕ್ಕೆ ಮುಂಚೆ ಮಕ್ಕಳನ್ನು ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಹೊಳೆಯಾಚೆ ತಣ್ಣೀರುಬಾವಿಯ ಕಡಲತೀರಕ್ಕೆ ದಾಟಿಸಿ, ಒದ್ದೆ ಮರಳಿನ ಮೇಲೆ ನಡೆಯಿಸಿದೆ. ಹಿಮ್ಮಡಿ ಆಳ, ಹೊರ ಅಂಚು ತೆಳು, ಹೆಬ್ಬೆರಳು ಮತ್ತೆ ಆಳ. ಅವರೇ ಅಳೆದು, ಅವರೇ ಬರೆದುಕೊಂಡರು. ಬಾಯಿಪಾಠದ ಮಾಲೆ ನಿಂತಿತು. ಸಂಜೆಯ ದೋಣಿಯಲ್ಲಿ ಲಂಗಕ್ಕೆ ಅಂಟಿದ ಮರಳು ಕೊಡವುತ್ತ ಅವರು ಹೇಳುತ್ತಿದ್ದ ತುಳು ಹಾಡುಗಳು ಈಗಲೂ ಕೆಲವೊಮ್ಮೆ ಕಿವಿಯಲ್ಲಿ ಕೇಳಿಸುತ್ತವೆ.

ಆದರೆ ಹೋದ ಹದಿಮೂರು ತಂಡಗಳನ್ನು ಯಾರು ಹಿಂದಕ್ಕೆ ಕರೆಯುವುದು? ಒಮ್ಮೆ ಗಲ್ಫಿನಲ್ಲಿ ನರ್ಸ್ ಆಗಿದ್ದ ಹಳೆಯ ವಿದ್ಯಾರ್ಥಿನಿ ರಜೆಗೆ ಬಂದವಳು ಬಸ್‌ಸ್ಟಾಪಿನಲ್ಲಿ ನನ್ನನ್ನು ಕಂಡು, ಸಂತೋಷದಿಂದ ಆ ನಾಲ್ಕು ವಾಕ್ಯಗಳನ್ನು ಒಂದು ಪದವೂ ತಪ್ಪದೆ ಒಪ್ಪಿಸಿದಳು. ಅಲ್ಲಿಯೇ ತಿದ್ದಿದೆ. "ಹೋಗಲಿ ಟೀಚರ್, ನನಗೆ ನಡೆಯಲಿಕ್ಕೆ ಎಂತ ತೊಂದರೆ ಆಗಲಿಲ್ಲ" ಎಂದು ನಕ್ಕು ಬಸ್ಸು ಹತ್ತಿದಳು. ಮೊಣಕಾಲು ಪೂರ್ತಿ ಸೋತು, ಫಳ್ನೀರಿನ ಡಾಕ್ಟರು ಇನ್ನು ಮೆಟ್ಟಿಲು ಹತ್ತಬೇಡಿ ಎಂದಾಗ ಅವಧಿಗೆ ಮುನ್ನವೇ ನಿವೃತ್ತಿ ಕೇಳಿದೆ. ಶಾಲೆಯಿಂದ ನಾನು ಮನೆಗೆ ತಂದ ಒಂದೇ ವಸ್ತು ಆ ಕೆಂಪು ಬೆನ್ನಿನ ಪುಸ್ತಕ. ಈಗ ಆ ಸೋಮವಾರ.

ಮೂರನೆಯ ಪಿರಿಯಡ್. ವಾರಿಜಾ ಎಂದಿನಂತೆ ಜಗಲಿಗೆ ಹೋಗಿ ನಿಂತಿದ್ದಳು. ಅವಳನ್ನು ಒಳಗೆ ಕರೆದೆ. ಸಹಿ ಹಾಕಿಸಲು ಕರೆದರೆಂದು ತಿಳಿದು ಅವಳ ಮುಖ ಬಿಗಿಯಿತು. ತರಗತಿಯೂ ಹಾಗೆಯೇ ತಿಳಿಯಿತು. ನಾನು ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ನಿಂತು, ಪುಸ್ತಕದಲ್ಲಿ ಅವಳ ಸಾಲಿನ ಕೆಳಗೆ ದಿನಾಂಕ ಬರೆದೆ. ತಪ್ಪಿನ ಅಂಕಣದಲ್ಲಿ 'ಮೊದಲು ಮಿದುಳು ಹಿಗ್ಗಿತು' ಎಂದೂ, ಸರಿಯ ಅಂಕಣದಲ್ಲಿ 'ಮೊದಲು ಕಾಲು, ಆಮೇಲೆ ತಲೆ' ಎಂದೂ ಬರೆದು, ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಓದಿದೆ. ವಿದ್ಯಾರ್ಥಿನಿಯ ಅಂಕಣದಲ್ಲಿ ನನ್ನ ಸಹಿ ಹಾಕಿದೆ. ಅಷ್ಟಕ್ಕೆ ಮುಗಿಯಿತೆಂದುಕೊಂಡೆ.

ವಾರಿಜಾ ಪುಸ್ತಕದ ಮೇಲೆ ಬಾಗಿ ನೋಡಿದಳು.

"ಟೀಚರ್, ಮೂರು ಸಲ."

ಅದರಲ್ಲಿ ವ್ಯಂಗ್ಯವಿರಲಿಲ್ಲ. ನಾನು ಅವಳಿಗೆ ಕಲಿಸಿದ ನಿಯಮ ಅದು. ಇನ್ನೆರಡು ಸಲ ಬರೆದೆ. ಕೊನೆಯ ಅಂಕಣ ಖಾಲಿ ಉಳಿದಿತ್ತು. ಅವಳ ಬೆರಳು ಅಲ್ಲಿಗೆ ಹೋಗಿ ನಿಂತಿತು.

"ಇಲ್ಲಿ ಯಾರು?"

ನಾನು ಪೆನ್ನನ್ನು ಅವಳ ಕಡೆಗೆ ಚಾಚಿದೆ. ಹನ್ನೊಂದು ಪಿರಿಯಡ್ ಸಹಿ ಹಾಕದೆ ನಿಂತವಳು, ನಾನು ಬರೆದದ್ದನ್ನು ಮೂರು ಸಾಲೂ ಬೆರಳಿಟ್ಟು ಓದಿ ಸರಿ ನೋಡಿ, ಶಿಕ್ಷಕಿಯ ಅಂಕಣದಲ್ಲಿ ತನ್ನ ಪೂರ್ತಿ ಹೆಸರನ್ನು ಬರೆದಳು. ಆಮೇಲೆ ಅಭ್ಯಾಸಬಲದಿಂದ ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟು, ನೆನಪಾಗಿ ತಿರುಗಿ, ತನ್ನ ಬೆಂಚಿಗೆ ಹೋಗಿ ಕುಳಿತಳು.

ಗಂಟೆ ಹೊಡೆಯುವವರೆಗೆ ನಾನು ಕುರ್ಚಿಯನ್ನು ಮುಟ್ಟಲಿಲ್ಲ.